ಬೆಲ್ಲ ಲೇಪಿಸಿದ ಬೇಕನ್ ಸುರುಳಿ: ಮಂಡ್ಯ ಸೀಮೆಯ ಸಿಹಿಯೊಡನೆ ಕೂಟದ ತಿನಿಸು

ಉಪ್ಪಿನಲ್ಲಿ ಹದಗೊಳಿಸಿ ಹೊಗೆಯಾಡಿಸಿದ ಹಂದಿ ಮಾಂಸದ ತೆಳುಪಟ್ಟಿಯೇ ಬೇಕನ್. ಇದನ್ನು ಹಣ್ಣಿಗೋ ಮಾಂಸದ ತುಣುಕಿಗೋ ಸುತ್ತಿ, ಮೇಲೆ ಕಂದು ಸಕ್ಕರೆ ಉದುರಿಸಿ, ಓವನ್‌ನಲ್ಲಿ ಬೇಯಿಸಿ, ಕಡ್ಡಿ ಚುಚ್ಚಿ ಬಡಿಸುವ ಪದ್ಧತಿ ಪಾಶ್ಚಾತ್ಯರ ಸಂಜೆಯ ಕೂಟಗಳಲ್ಲಿ ಹಳೆಯದು. ಇಂಗ್ಲೆಂಡಿನಲ್ಲಿ ಒಣಗಿದ ಪ್ಲಮ್ ಹಣ್ಣಿಗೆ ಬೇಕನ್ ಸುತ್ತಿದರೆ ಅದಕ್ಕೆ 'ಕುದುರೆಯೇರಿದ ದೆವ್ವಗಳು' ಎಂಬ ಹೆಸರು. ಕಡಲ ಸಿಂಪಿಗೆ ಸುತ್ತಿದರೆ 'ಕುದುರೆಯೇರಿದ ದೇವದೂತರು'. ಕ್ರಿಸ್‌ಮಸ್ ಊಟಕ್ಕೆ ಸಣ್ಣ ಸಾಸೇಜುಗಳಿಗೆ ಸುತ್ತಿದರೆ 'ಕಂಬಳಿ ಹೊದ್ದ ಹಂದಿಗಳು'. ಅಮೆರಿಕದಲ್ಲಿ 20ನೇ ಶತಮಾನದ ನಡುಭಾಗದಲ್ಲಿ ಜನಪ್ರಿಯವಾದ ರುಮಾಕಿ ಎಂಬ ತಿನಿಸಿನಲ್ಲಿ ಕೋಳಿಯ ಲಿವರ್ ಹಾಗೂ ವಾಟರ್ ಚೆಸ್ಟ್‌ನಟ್ ಎಂಬ ನೀರುಗಡ್ಡೆ ಒಳಗಿರುತ್ತವೆ. ಹೆಸರು ಬೇರೆಯಾದರೂ ಎಲ್ಲದರ ಸೂತ್ರ ಒಂದೇ: ಉಪ್ಪು, ಕೊಬ್ಬು, ಹೊಗೆ ಮತ್ತು ಸಿಹಿ ಒಂದೇ ತುತ್ತಿನಲ್ಲಿ ಸೇರುವುದು.

ಈ ನಾಲ್ಕರಲ್ಲಿ ಸಿಹಿಯೊಂದನ್ನು ಮಾತ್ರ ಮಂಡ್ಯ ಜಿಲ್ಲೆಯವರು ಯಾರಿಂದಲೂ ಕಲಿಯಬೇಕಾಗಿಲ್ಲ. ವಿದೇಶಿ ಪಾಕಪುಸ್ತಕಗಳು ಕೇಳುವ ಕಂದು ಸಕ್ಕರೆಯನ್ನು ದುಬಾರಿ ಬೆಲೆಗೆ ಕೊಳ್ಳುವ ಗೃಹಿಣಿಯರು ತಮ್ಮ ಅಡುಗೆಮನೆಯ ಬೆಲ್ಲದ ಡಬ್ಬಿಯತ್ತ ನೋಡದಿರುವುದು ವಿಚಿತ್ರವೇ ಸರಿ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ಮತ್ತು ಅದರಿಂದ ಹರಿದ ವಿಶ್ವೇಶ್ವರಯ್ಯ ನಾಲೆಯ ನೀರು ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳನ್ನು ಕಬ್ಬಿನ ನಾಡಾಗಿಸಿದವು. ಹೇಮಾವತಿ ನಾಲೆಗಳ ಕೃಪೆಯಿಂದ ಕೆ.ಆರ್. ಪೇಟೆಯಲ್ಲೂ ಕಬ್ಬಿದೆ. ನಾಗಮಂಗಲ ಬಹುಪಾಲು ಮಳೆಯನ್ನು ನಂಬಿದ ಸೀಮೆ. ಅಲ್ಲಿ ರಾಗಿ ಮತ್ತು ತೆಂಗು ಪ್ರಧಾನ. ಆ ತೆಂಗಿಗೂ ಈ ತಿನಿಸಿನಲ್ಲೊಂದು ಪಾತ್ರವಿದೆ. ಅದನ್ನು ಮುಂದೆ ನೋಡೋಣ.

ಹಂದಿ ಮಾಂಸವೂ ಈ ಸೀಮೆಗೆ ಹೊಸತಲ್ಲ. ಮುದ್ದೆಯೊಡನೆ ಹಂದಿ ಬಾಡಿನ ಸಾರು ಉಣ್ಣುವ ಮನೆಗಳು ಇಲ್ಲಿ ಸಾಕಷ್ಟಿವೆ. ಪಕ್ಕದ ಕೊಡಗಿನ ಪಂದಿ ಕರಿಯಂತೂ ಜಗತ್ಪ್ರಸಿದ್ಧ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ವೇಳೆ ಬಾಡೂಟವೂ ಬೇಕೆಂಬ ಒತ್ತಾಯ ಎದ್ದದ್ದನ್ನು ಓದುಗರು ಮರೆತಿರಲಾರರು. ಆದರೆ ಬೇಕನ್ ಎಂಬ ರೂಪ ನಮ್ಮದಲ್ಲ, ಅದು ದಂಡಿನವರ ಆಹಾರ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಅಲ್ಲಿ ಬೀಡುಬಿಟ್ಟ ಬ್ರಿಟಿಷ್ ಪಡೆ ದ್ವೀಪದ ಜ್ವರಕ್ಕೆ ಬೆದರಿ 1809ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ತೆರಳಿತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ತಂಗಿದ್ದ ಹಿರೋಡೆಗೆ ಆಂಗ್ಲರು ಫ್ರೆಂಚ್ ರಾಕ್ಸ್ ಎಂದೇ ಹೆಸರಿಟ್ಟಿದ್ದರು. ಇಂದಿನ ಪಾಂಡವಪುರವೇ ಅದು. ದಂಡು ಬೆಂಗಳೂರಿಗೆ ಹೋದ ಮೇಲೆ ಅದರ ಊಟೋಪಚಾರದ ಅಂಗಡಿಗಳೂ ಅಲ್ಲಿಯೇ ಬೆಳೆದವು. ಮಹಾತ್ಮ ಗಾಂಧಿ ರಸ್ತೆಯ ಹ್ಯಾಮ್ ಅಂಗಡಿ ದಶಕಗಳ ಕಾಲ ಬೆಂಗಳೂರಿಗರಿಗೆ ಬೇಕನ್ನಿನ ಇನ್ನೊಂದು ಹೆಸರೇ ಆಗಿತ್ತು.

ಕೊಳ್ಳುವಾಗ ಗಮನಿಸಬೇಕಾದ್ದು

ಸುತ್ತುವುದಕ್ಕೆ ಹೊಟ್ಟೆಭಾಗದ ಮಾಂಸದಿಂದ ತೆಗೆದ, ಕೊಬ್ಬು ಮತ್ತು ಮಾಂಸ ಪದರಪದರವಾಗಿರುವ ಸ್ಟ್ರೀಕಿ ಬೇಕನ್ನೇ ಆಗಬೇಕು. ಬೆನ್ನಿನ ಭಾಗದ ಬೇಕನ್ ಅಗಲವಾಗಿ, ಕೊಬ್ಬು ಕಡಿಮೆಯಾಗಿ, ಬೇಯುವಾಗ ಒಣಗಿ ಬಿಚ್ಚಿಕೊಳ್ಳುತ್ತದೆ. ಪಟ್ಟಿ ತೆಳ್ಳಗಿರಬೇಕು, ದಪ್ಪಗಿದ್ದರೆ ಒಳಗಿನ ಹಣ್ಣು ಕರಗಿದರೂ ಹೊರಗಿನ ಕೊಬ್ಬು ಗರಿಯಾಗುವುದಿಲ್ಲ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಅರ್ಧ ಗಂಟೆಯೂ ಬೇಡವಾದುದರಿಂದ ಅಲ್ಲಿನವರಿಗೆ ತೊಂದರೆಯಿಲ್ಲ. ಕೆ.ಆರ್. ಪೇಟೆ, ನಾಗಮಂಗಲಗಳು 50 ಕಿಲೋಮೀಟರಿಗೂ ಮಿಕ್ಕಿ ದೂರ. ಅಲ್ಲಿಗೆ ಹೊಸ ವರ್ಷದ ಕೂಟಕ್ಕೆಂದು ಬೇಕನ್ ಒಯ್ಯುವವರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಒಯ್ಯುವುದು ಒಳಿತು. ಕರಗಿದ ಪೊಟ್ಟಣವನ್ನು ಮತ್ತೆ ಹೆಪ್ಪುಗಟ್ಟಿಸಕೂಡದು. ಮರುದಿನವೇ ಬಳಸಿ ಮುಗಿಸಬೇಕು.

ಬೆಲ್ಲದ ಆಯ್ಕೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಂಡ್ಯದ ಮಾರುಕಟ್ಟೆಗೆ ಅಚ್ಚು, ಉಂಡೆ, ಕುರಿಕಾಟು ಎಂದು ಹಲವು ಬಗೆಯ ಬೆಲ್ಲ ಬರುತ್ತದೆ. ಕಣ್ಣಿಗೆ ಚೆಂದವೆನಿಸುವ ಹೊಂಬಣ್ಣದ ಬೆಲ್ಲ ಹಲವೊಮ್ಮೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕದಿಂದ ಬಣ್ಣ ಕಳೆದುಕೊಂಡದ್ದಾಗಿರುತ್ತದೆ. ಹಳೆಯ ಆಲೆಮನೆಗಳಲ್ಲಿ ಬೆಂಡೆ ಗಿಡದ ಲೋಳೆ ಮತ್ತು ಸುಣ್ಣದ ತಿಳಿಯಿಂದ ಕಬ್ಬಿನ ಹಾಲಿನ ಕೊಳೆ ತೆಗೆಯುತ್ತಿದ್ದರು. ಹಾಗೆ ಮಾಡಿದ ಬೆಲ್ಲ ಕಂದು ಬಣ್ಣದ್ದೇ. ಗ್ರಾಹಕರು ಬಿಳುಪನ್ನು ಬೇಡುವವರೆಗೆ ಆಲೆಮನೆಯವರನ್ನು ಮಾತ್ರ ದೂರಿ ಫಲವಿಲ್ಲವೆಂಬುದೂ ನಿಜ. ನಮ್ಮ ಈ ತಿನಿಸಿಗಂತೂ ಕಪ್ಪು ಬೆರೆತ ಕಂದು ಬೆಲ್ಲವೇ ಶ್ರೇಷ್ಠ. ಅದರಲ್ಲಿನ ಖನಿಜದ ಒಗರು ಬೇಕನ್ನಿನ ಹೊಗೆಯ ರುಚಿಗೆ ಹೇಳಿ ಮಾಡಿಸಿದ ಜೋಡಿ.

ಮಾಡುವ ವಿಧಾನ

24 ಸುರುಳಿಗಳಿಗೆ ತೆಳು ಬೇಕನ್ ಪಟ್ಟಿಗಳು 12, ಬೀಜ ತೆಗೆದ ಖರ್ಜೂರ 24, ಹಸಿ ತೆಂಗಿನಕಾಯಿಯ ಕಿರುಬೆರಳ ಗಾತ್ರದ ಹೋಳು 24, ಪುಡಿ ಮಾಡಿದ ಬೆಲ್ಲ 75 ಗ್ರಾಂ, ಕುಟ್ಟಿದ ಕಾಳುಮೆಣಸು ಒಂದು ಚಮಚ, ಬ್ಯಾಡಗಿ ಮೆಣಸಿನ ಪುಡಿ ಅರ್ಧ ಚಮಚ, ಗಟ್ಟಿ ಹುಣಸೆ ರಸ ಒಂದು ದೊಡ್ಡ ಚಮಚ ಸಾಕು. ಉಪ್ಪು ಬೇಡವೇ ಬೇಡ, ಬೇಕನ್ನಿನಲ್ಲಿರುವುದೇ ಹೆಚ್ಚು. ಕೊಡಗಿನ ನೆಂಟರು ಕಾಚಂಪುಳಿ ಕೊಟ್ಟಿದ್ದರೆ ಹುಣಸೆಯ ಬದಲು ಅದರ ಅರ್ಧ ಚಮಚ ಹಾಕಬಹುದು.

ತೆಂಗಿನ ಹೋಳು ಏಕೆಂದು ಕೇಳಬಹುದು. ರುಮಾಕಿಯಲ್ಲಿ ನೀರುಗಡ್ಡೆ ಇರುವುದು ರುಚಿಗಲ್ಲ, ಕಟುಂ ಎನ್ನುವ ಕಚ್ಚುವಿಕೆಗಾಗಿ. ಸುತ್ತಲಿನದೆಲ್ಲ ಮೆತ್ತಗಾದಾಗ ನಡುವೆ ಒಂದು ಗಟ್ಟಿತನ ಬೇಕು. ಡಬ್ಬಿಯಲ್ಲಿ ಬರುವ ನೀರುಗಡ್ಡೆಗಿಂತ ನಾಗಮಂಗಲದ ತೆಂಗಿನಕಾಯಿ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಬೆಲ್ಲದೊಡನೆ ಅದರ ನಂಟಂತೂ ಹೇಳುವುದೇ ಬೇಡ. ಗೋಡಂಬಿಯೂ ಆಗುತ್ತದೆ. ಪನೀರ್ ಮಾತ್ರ ಸೂಕ್ತವಲ್ಲ, ಒಳಗೆ ರಬ್ಬರಿನಂತಾಗುತ್ತದೆ.

ಹಲ್ಲುಕಡ್ಡಿಗಳನ್ನು 20 ನಿಮಿಷ ನೀರಿನಲ್ಲಿ ನೆನೆಯಿಡಿ, ಇಲ್ಲವಾದರೆ ಓವನ್‌ನಲ್ಲಿ ಅವು ಕರಿಕಾಗುತ್ತವೆ. ಬೇಕನ್ ಪಟ್ಟಿಗಳನ್ನು ಅಡ್ಡಲಾಗಿ ಎರಡಾಗಿ ಕತ್ತರಿಸಿ. ಖರ್ಜೂರದೊಳಗೆ ತೆಂಗಿನ ಹೋಳಿಟ್ಟು ಮುಚ್ಚಿ, ಅರ್ಧಪಟ್ಟಿಯನ್ನು ತುಸು ಎಳೆದು ಒಂದೂಕಾಲು ಸುತ್ತು ಸುತ್ತಿ, ಅಂಚು ಕೆಳಗೆ ಬರುವಂತೆ ಕಡ್ಡಿ ಚುಚ್ಚಿ. ಎರಡು ಸುತ್ತು ಬಂದರೆ ಒಳಪದರ ಬೇಯದೆ ಉಳಿಯುತ್ತದೆ. ತಟ್ಟೆಯ ಮೇಲೆ ತಂತಿಜಾಲರಿ ಇಟ್ಟು ಅದರ ಮೇಲೆ ಸುರುಳಿಗಳನ್ನು ಜೋಡಿಸಿ. ಕೊಬ್ಬು ಕೆಳಗೆ ತೊಟ್ಟಿಕ್ಕಬೇಕು, ತಿನಿಸು ಅದರಲ್ಲಿ ಮುಳುಗಬಾರದು. ಮೊದಲೇ ಕಾಯಿಸಿದ ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸಿ, ನಡುವೆ ಒಮ್ಮೆ ತಿರುವಿ ಹಾಕಿ.

ಬೆಲ್ಲದ ಸರದಿ ಬರುವುದು ಇದರ ನಂತರವೇ. ಸಕ್ಕರೆ ಬಳಸುವ ವಿದೇಶಿ ವಿಧಾನಗಳಲ್ಲಿ ಅದನ್ನು ಮೊದಲೇ ಉದುರಿಸುವುದುಂಟು. ಬೆಲ್ಲದಲ್ಲಿ ಸುಕ್ರೋಸಿನ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್‌ಗಳೂ ಇರುವುದರಿಂದ ಅದು ಸಕ್ಕರೆಗಿಂತ ಬೇಗ ಕಪ್ಪಾಗಿ ಕಹಿಯಾಗುತ್ತದೆ. ಆದ್ದರಿಂದ ಬೆಲ್ಲ, ಮೆಣಸು, ಹುಣಸೆ ರಸಗಳನ್ನು ಎರಡು ಚಮಚ ನೀರಿನೊಡನೆ ಸಣ್ಣ ಉರಿಯಲ್ಲಿ ಕರಗಿಸಿ, ಕಸವಿದ್ದರೆ ಸೋಸಿ, ಜೇನಿನಷ್ಟು ಗಟ್ಟಿಯಾದಾಗ ಇಳಿಸಿ. ಬೆಂದ ಸುರುಳಿಗಳಿಗೆ ಇದನ್ನು ಹಚ್ಚಿ ಉರಿಯನ್ನು 180 ಡಿಗ್ರಿಗೆ ಇಳಿಸಿ ಇನ್ನೂ ಎಂಟು ನಿಮಿಷ ಇಡಿ. ಕೊನೆಯ ಎರಡು ನಿಮಿಷ ಓವನ್ ಬಿಟ್ಟು ಕದಲಕೂಡದು. ಹೊರತೆಗೆದ ಮೇಲೆ ಐದು ನಿಮಿಷ ಆರಿದರೆ ಲೇಪ ಗಟ್ಟಿಯಾಗಿ ಹೊಳೆಯುತ್ತದೆ. ಬಿಸಿ ಬೆಲ್ಲ ನಾಲಿಗೆಯನ್ನು ಸುಡುವಷ್ಟು ಎಣ್ಣೆಯೂ ಸುಡದು, ಮಕ್ಕಳ ವಿಷಯದಲ್ಲಿ ಜಾಗ್ರತೆ.

ಓವನ್ ಇಲ್ಲದ ಮನೆಗಳಲ್ಲಿ ದಪ್ಪತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ತಿರುವುತ್ತಾ ಬೇಯಿಸಿ, ಕರಗಿದ ಕೊಬ್ಬನ್ನು ಬಸಿದು, ಕಡೆಯಲ್ಲಿ ಪಾಕ ಹಾಕಿ ಹೊರಳಿಸಬಹುದು. ಖರ್ಜೂರದ ಸ್ಥಾನದಲ್ಲಿ ಅನಾನಸ್, ಅರೆಬೆಂದ ಸಿಹಿಗೆಣಸು, ಸಣ್ಣ ಸಾಸೇಜುಗಳೂ ಒಪ್ಪುತ್ತವೆ. ಕೋಳಿಯ ಲಿವರ್ ಇಡುವುದಾದರೆ ಅದರ ನಡುಭಾಗದ ಉಷ್ಣತೆ 74 ಡಿಗ್ರಿ ಮುಟ್ಟಲೇಬೇಕು.

ಆರೋಗ್ಯದ ಮಾತು

ಅಂಗಡಿಯ ಬೇಕನ್ ಹೊಗೆಯಾಡಿಸಿದ್ದೆಂದ ಮಾತ್ರಕ್ಕೆ ಅದು ಬೆಂದಿದೆ ಎಂದಲ್ಲ. ಬಹುಪಾಲು ಪೊಟ್ಟಣಗಳಲ್ಲಿರುವುದು ಹಸಿ ಮಾಂಸವೇ. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಟೇನಿಯಾ ಸೋಲಿಯಂ ಎಂಬ ಲಾಡಿಹುಳು ಮನುಷ್ಯನ ಕರುಳನ್ನು ಸೇರುತ್ತದೆ. ಅದಕ್ಕಿಂತ ಗಂಭೀರವಾದುದು ಅದರ ಮೊಟ್ಟೆಗಳು. ಹುಳುವಿರುವ ವ್ಯಕ್ತಿಯ ಮಲದ ಮೂಲಕ ಕೊಳಕು ಕೈ, ನೀರು, ತೊಳೆಯದ ಸೊಪ್ಪುಗಳಲ್ಲಿ ಸೇರಿ ಬೇರೆಯವರ ಹೊಟ್ಟೆಗೆ ಹೋದ ಮೊಟ್ಟೆಗಳಿಂದ ಹೊರಬರುವ ಮರಿಗಳು ಮಿದುಳಿನಲ್ಲಿ ಗಂಟಾಗಿ ಕುಳಿತು ಮೂರ್ಛೆರೋಗಕ್ಕೆ ಕಾರಣವಾಗುತ್ತವೆ. ಭಾರತದಲ್ಲಿ ಮೂರ್ಛೆರೋಗದ ಪ್ರಮುಖ ಕಾರಣಗಳಲ್ಲಿ ಇದೂ ಒಂದು. ಹಂದಿ ಮಾಂಸ ಮುಟ್ಟದವರಿಗೂ ಇದು ತಗಲಬಹುದು ಎಂಬುದನ್ನು ಬಹಳ ಮಂದಿ ಅರಿತಿಲ್ಲ. ಅಡುಗೆಯವರು ಕೈ ತೊಳೆಯುವುದು, ಹಸಿ ಮಾಂಸ ಕತ್ತರಿಸಿದ ಮಣೆಯಲ್ಲಿ ಸೌತೆಕಾಯಿ ಹೆಚ್ಚದಿರುವುದು, ಊರ ಬೀದಿಯಲ್ಲಿ ಅಲೆದ ಹಂದಿಯ ಮಾಂಸವನ್ನು ದೂರವಿಡುವುದು ಇವು ಮಡಿವಂತಿಕೆಯ ಮಾತುಗಳಲ್ಲ. ಕೊಬ್ಬಿನಲ್ಲಿ ಬೆಳ್ಳಗೆ ಜಿಗುಟಾದ ಭಾಗ ಉಳಿದಿರುವ ಸುರುಳಿಯನ್ನು ಮತ್ತೆ ಓವನ್‌ಗೆ ಹಾಕಿ.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಬೇಕನ್ ಸೇರಿದಂತೆ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಂಭವ ಶೇ 18ರಷ್ಟು ಏರುತ್ತದೆಂಬುದು ಅದರ ಲೆಕ್ಕ. ವರ್ಷಕ್ಕೆರಡು ಕೂಟಗಳಲ್ಲಿ ನಾಲ್ಕು ಸುರುಳಿ ತಿನ್ನುವವರು ಗಾಬರಿಯಾಗಬೇಕಿಲ್ಲ, ಆದರೆ ಇದು ನಿತ್ಯದ ಉಪಾಹಾರವಂತೂ ಅಲ್ಲ. ರಕ್ತದೊತ್ತಡ, ಮಧುಮೇಹ ಇರುವವರಿಗೆ ಉಪ್ಪು ಮತ್ತು ಬೆಲ್ಲ ಎರಡೂ ಇಲ್ಲಿ ಹೆಚ್ಚು. ಬೆಲ್ಲ ಸಕ್ಕರೆಗಿಂತ ನಿರಪಾಯವೆಂಬ ನಂಬಿಕೆ ಮಧುಮೇಹಿಗಳ ಮಟ್ಟಿಗೆ ಸುಳ್ಳು.

ಬಡಿಸುವಾಗ ತಟ್ಟೆಯ ಮೇಲೆ ಇದು ಹಂದಿ ಮಾಂಸ ಎಂದು ಸ್ಪಷ್ಟವಾಗಿ ಬರೆದಿಡುವುದು ಆತಿಥೇಯರ ಕರ್ತವ್ಯ. ಮುಸ್ಲಿಂ ಮಿತ್ರರಿಗೂ ಸಸ್ಯಾಹಾರಿಗಳಿಗೂ ಒಂದೇ ಇಕ್ಕಳದಿಂದ ಬಡಿಸುವುದು ಅವಿವೇಕ. ಅವರಿಗಾಗಿ ಅದೇ ಬೆಲ್ಲದ ಪಾಕವನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು, ಹುರಿದ ಬೇಬಿ ಕಾರ್ನ್‌ಗೋ ಸಿಹಿಗೆಣಸಿಗೋ ಹಚ್ಚಿ, ಬೇಕನ್ ಓವನ್‌ಗೆ ಹೋಗುವ ಮೊದಲೇ ಬೇಯಿಸಿ ಇಟ್ಟುಕೊಳ್ಳಿ. ಸುರುಳಿಗಳನ್ನು ಬೆಳಿಗ್ಗೆಯೇ ಸುತ್ತಿ ಫ್ರಿಜ್ಜಿನಲ್ಲಿಟ್ಟು, ಅತಿಥಿಗಳು ಬರುವ ಅರ್ಧ ಗಂಟೆ ಮುಂಚೆ ಓವನ್‌ಗೆ ಹಾಕಿದರೆ ಬಿಸಿಬಿಸಿಯಾಗಿ ಬಡಿಸಬಹುದು. ಬೇಯಿಸಿದ್ದು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಉಳಿಯದಿರಲಿ.