ಬಿಲ್ಟಾಂಗಿನ ಪೂರ್ವೋತ್ತರ
ದಕ್ಷಿಣ ಆಫ್ರಿಕದಲ್ಲಿ ಉಪ್ಪು ಹಚ್ಚಿ ಒಣಗಿಸಿದ ಗೋಮಾಂಸದ ತುಂಡಿಗೆ ಬಿಲ್ಟಾಂಗ್ ಎನ್ನುತ್ತಾರೆ. ಡಚ್ ಭಾಷೆಯಲ್ಲಿ ‘ಬಿಲ್’ ಎಂದರೆ ಪಶುವಿನ ಹಿಂಭಾಗ, ‘ಟಾಂಗ್’ ಎಂದರೆ ನಾಲಗೆ. ನಾಲಗೆಯಂತೆ ನೀಳವಾಗಿ ಸೀಳಿದ್ದು ಎಂದರ್ಥ. ಹೆಸರೇನೋ 1652ರಲ್ಲಿ ಕೇಪಿಗೆ ಬಂದು ನೆಲಸಿದ ಡಚ್ಚರದು. ವಿನೆಗರು, ಕರಿಮೆಣಸು, ಕೊತ್ತಂಬರಿ ಬೀಜಗಳ ರುಚಿಯೂ ಅವರದೇ. ಆದರೆ ಮಾಂಸವನ್ನು ಸೀಳಿ ಗಾಳಿಗೆ ತೂಗಹಾಕುವ ಉಪಾಯ ಅವರಿಗಿಂತ ಮೊದಲೇ ಅಲ್ಲಿ ದನ ಮೇಯಿಸುತ್ತಿದ್ದ ಖೊಯ್‌ಖೊಯ್ ಜನರಿಗೆ ತಿಳಿದಿತ್ತು. ಅವರನ್ನು ನೆನೆಯುವವರು ಕಡಮೆ.

1830ರ ದಶಕದಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಒಲ್ಲದೆ ಎತ್ತಿನ ಗಾಡಿ ಕಟ್ಟಿಕೊಂಡು ಒಳನಾಡಿಗೆ ಹೊರಟ ಡಚ್ ವಂಶದ ಬೋಯರರಿಗೆ ಇದೇ ದಾರಿಯ ಬುತ್ತಿ. ಬೇಟೆಯ ಮಾಂಸವನ್ನೂ ಹೀಗೆಯೇ ಒಣಗಿಸಿಕೊಳ್ಳುತ್ತಿದ್ದರು. ಈಗ ಅದು ರಗ್ಬಿ ಪಂದ್ಯ ನೋಡುವವರ ಕುರುಕು ತಿಂಡಿ. ಒಳಗೆ ಕೊಂಚ ಹಸಿಯಿರಲೋ, ಪೂರ ಒಣಗಿರಲೋ ಎಂದು ಕೇಳಿ, ಅಂಗಡಿಯವನು ಗಿರಾಕಿಯ ಎದುರಿಗೇ ಹೆಚ್ಚಿ ಕೊಡುತ್ತಾನೆ.