‘ಭಕ್ತಿ’ ಎಂದು ಹುಡುಕಿದರೆ

ಸಿಂದಗಿ ತಾಲ್ಲೂಕಿನ ಮೋರಟಗಿಯಲ್ಲಿರುವ ಒಬ್ಬ ಹೈಸ್ಕೂಲ್ ಮಾಸ್ತರರಿಗೆ, ಶರಣರಲ್ಲಿ ‘ಭಕ್ತಿ’ ಎಂಬ ಮಾತನ್ನು ಯಾರು ಯಾವ ಅರ್ಥದಲ್ಲಿ ಬಳಸಿದ್ದಾರೆ ಎಂದು ತಿಳಿಯುವ ಆಸೆ ಹುಟ್ಟಿತು ಎಂದಿಟ್ಟುಕೊಳ್ಳಿ. ಮೂವತ್ತು ವರ್ಷದ ಹಿಂದಾದರೆ ಅವರು ರಜೆ ಹಾಕಿ ಧಾರವಾಡಕ್ಕೋ ಕಲಬುರಗಿಗೋ ಹೋಗಬೇಕಿತ್ತು. ಗ್ರಂಥಾಲಯದಲ್ಲಿ ಸಮಗ್ರ ವಚನ ಸಂಪುಟದ ಹದಿನೈದೂ ಸಂಪುಟಗಳನ್ನು ಮುಂದಿಟ್ಟುಕೊಂಡು, ಪುಟ ತಿರುವುತ್ತ ಚೀಟಿಯಲ್ಲಿ ಗುರುತು ಹಾಕಿಕೊಳ್ಳಬೇಕಿತ್ತು. ಇವತ್ತು ಅದೇ ಮಾಸ್ತರರು ಶಾಲೆ ಬಿಟ್ಟ ಮೇಲೆ ಮೊಬೈಲಿನಲ್ಲಿ ‘ವಚನ ಸಂಚಯ’ ಜಾಲತಾಣ ತೆರೆದು ಆ ಪದ ಹುಡುಕಬಹುದು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಅದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೆರಳು ಮುಟ್ಟುವಷ್ಟು ಹತ್ತಿರ.

ಆ ಊರಿಗೂ ಈ ಪದಕ್ಕೂ ಇದ್ದ ದೂರವನ್ನು ಇಷ್ಟು ಕಡಿಮೆ ಮಾಡಿದವರು ಯಾರು? ಅವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು?

ಜಗತ್ತಿನ ಮಟ್ಟದಲ್ಲಿ ಇಂಥ ಕೆಲಸವನ್ನೇ ಗುರುತಿಸುವ ಒಂದು ಗೌರವವಿದೆ. ಅಮೆರಿಕದ ಗ್ರಂಥಾಲಯ ಮತ್ತು ಉನ್ನತ ಶಿಕ್ಷಣ ಸಂಘಟನೆಗಳು ಸೇರಿ ಕೊಡುವ ಪೌಲ್ ಇವಾನ್ ಪೀಟರ್ಸ್ ಪ್ರಶಸ್ತಿ. ಜಾಲತಂತ್ರಜ್ಞಾನವನ್ನು ವಿದ್ವತ್ತಿನ ಸೇವೆಗೆ ತಂದವರಿಗಾಗಿಯೇ ಇರುವುದು ಅದು. 2000ದಲ್ಲಿ ಮೊದಲು ಪಡೆದವರು ವಿಶ್ವವ್ಯಾಪಿ ಜಾಲ ರೂಪಿಸಿದ ಟಿಮ್ ಬರ್ನರ್ಸ್-ಲೀ. 2004ರಲ್ಲಿ ಇಂಟರ್‌ನೆಟ್ ಆರ್ಕೈವ್ ಕಟ್ಟಿದ ಬ್ರೂಸ್ಟರ್ ಕಾಹ್ಲ್. 2006ರಲ್ಲಿ ಪೌಲ್ ಗಿನ್ಸ್‌ಪಾರ್ಗ್. ಭೌತವಿಜ್ಞಾನಿಗಳು ತಮ್ಮ ಲೇಖನಗಳನ್ನು ಪತ್ರಿಕೆಗಳಿಗಿಂತ ಮೊದಲೇ ಎಲ್ಲರಿಗೂ ಹಂಚಿಕೊಳ್ಳುವ ‘ಆರ್ಕೈವ್’ (arXiv) ಭಂಡಾರವನ್ನು 1991ರಲ್ಲಿ ತೆರೆದವರು. ಈ ಪಟ್ಟಿಯಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಒಂದೇ: ಇವರು ಯಾರೂ ಅರಿವನ್ನು ತಮ್ಮ ಹತ್ತಿರ ಇಟ್ಟುಕೊಂಡು ದೊಡ್ಡವರಾದವರಲ್ಲ, ದಾಟಿಸಿ ದೊಡ್ಡವರಾದವರು. ಈ ಅಳತೆಗೋಲನ್ನು ಕನ್ನಡಕ್ಕೆ ಹಿಡಿದರೆ ಕಥೆ ಕಂಪ್ಯೂಟರಿನಿಂದ ಶುರುವಾಗುವುದಿಲ್ಲ. ವಿಜಯಪುರದ ಒಬ್ಬ ವಕೀಲರಿಂದ ಶುರುವಾಗುತ್ತದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ವಕೀಲಿ ಮಾಡಿದ್ದು, ಬದುಕು ಕಳೆದದ್ದು ವಿಜಯಪುರದಲ್ಲಿ. ಮಠಗಳಲ್ಲಿ, ಮನೆಗಳ ಜಗುಲಿಯಲ್ಲಿ, ಪೂಜೆಯ ಗಂಟುಗಳಲ್ಲಿ ಬಿದ್ದಿದ್ದ ತಾಡೋಲೆ ಕಟ್ಟುಗಳನ್ನು ಹುಡುಕಿ ತಂದು, ಓದಿ, ನಕಲು ಮಾಡಿ, ‘ವಚನಶಾಸ್ತ್ರಸಾರ’ವನ್ನು 1923ರಲ್ಲಿ ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು ಎಂಬುದು ಈ ಭಾಗದವರೆಲ್ಲ ಬಲ್ಲ ಮಾತು. 1926ರಿಂದ ‘ಶಿವಾನುಭವ’ ಪತ್ರಿಕೆ. ತಾಡೋಲೆ ಒಂದು ಮನೆಯಲ್ಲಿದ್ದರೆ ಅದನ್ನು ಓದುವವರು ಒಬ್ಬಿಬ್ಬರು, ಅಚ್ಚಾದರೆ ಸಾವಿರಾರು ಮಂದಿ. ಆ ಕಾಲಕ್ಕೆ ಇದ್ದ ಜಾಲವೆಂದರೆ ಮುದ್ರಣಾಲಯ, ಅಂಚೆ, ಚಂದಾದಾರರು. ಹಳಕಟ್ಟಿಯವರು ಅದನ್ನು ಪೂರ್ತಿ ಬಳಸಿದರು. 1926ರ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ತೀರಿಕೊಂಡದ್ದು 1964ರಲ್ಲಿ. ಈಗ ಅವರ ಹುಟ್ಟಿದ ದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ.

ಎರಡನೆಯ ಕೊಂಡಿಯೂ ಈ ಸೀಮೆಯದೇ. ಎಂ.ಎಂ. ಕಲಬುರ್ಗಿ ಹುಟ್ಟಿದ್ದು 1938ರಲ್ಲಿ, ಇದೇ ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ. ಅವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟವನ್ನು ಕರ್ನಾಟಕ ಸರ್ಕಾರ 1993ರಲ್ಲಿ ಪ್ರಕಟಿಸಿತು. ಚದುರಿ ಹೋಗಿದ್ದ ಸಾಹಿತ್ಯ ಒಂದು ಕಡೆ, ಒಂದು ಕ್ರಮದಲ್ಲಿ ನಿಂತಿತು. ಅಂಥ ಬುನಾದಿ ಇಲ್ಲದಿದ್ದರೆ ಮುಂದೆ ಯಾವ ಗಣಕಯಂತ್ರವೂ ಏನೂ ಮಾಡಲಾಗುತ್ತಿರಲಿಲ್ಲ. ಕಸವನ್ನು ಎಷ್ಟು ವೇಗವಾಗಿ ಹುಡುಕಿದರೂ ಸಿಗುವುದು ಕಸವೇ.

ಇನ್ನು ಅಕ್ಷರದ ಸಮಸ್ಯೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಲ್ಲಿ ದುಡಿದವರಿಗೆ ಸಿಕ್ಕ ಮನ್ನಣೆ ಅವರ ಕೆಲಸಕ್ಕಿಂತ ಬಹಳ ಚಿಕ್ಕದು. ‘ಭಕ್ತಿ’ಯನ್ನೇ ತೆಗೆದುಕೊಳ್ಳಿ. ಉಚ್ಚಾರದಲ್ಲಿ ‘ಭ’ ಆದ ಮೇಲೆ ಕಕಾರ, ತಕಾರ, ಆಮೇಲೆ ಇಕಾರ. ಕಾಗದದ ಮೇಲೆ ಬರೆದಾಗ ಗುಡಿಸು ಏರುವುದು ಕಕಾರದ ತಲೆಗೆ, ತಕಾರ ಒತ್ತಾಗಿ ಕೆಳಗೆ ಹೋಗುತ್ತದೆ. ಕಣ್ಣಿಗೆ ಕಾಣುವ ಕ್ರಮ ಬೇರೆ, ಕಿವಿಗೆ ಕೇಳುವ ಕ್ರಮ ಬೇರೆ. ಹಳೆಯ ಕನ್ನಡ ಫಾಂಟುಗಳು ಕಣ್ಣಿನ ಕ್ರಮವನ್ನು ಹಿಡಿದವು: ‘ಕಿ’ ಒಂದು ತುಂಡು, ಒತ್ತು ಇನ್ನೊಂದು ತುಂಡು, ಪ್ರತಿ ತುಂಡಿಗೂ ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಒಂದು ಸಂಕೇತ. ಒಂದೊಂದು ಕಂಪನಿಗೂ ಒಂದೊಂದು ಪಟ್ಟಿ. ಒಂದರಲ್ಲಿ ಬೆರಳಚ್ಚಾದ ‘ಭಕ್ತಿ’ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಫಾಂಟ್ ಇಲ್ಲದ ಯಂತ್ರದಲ್ಲಂತೂ ಕನ್ನಡವೇ ಇಲ್ಲ. ಇಂಥ ಪಠ್ಯವನ್ನು ಅಚ್ಚು ಹಾಕಬಹುದಿತ್ತು, ಹುಡುಕಲಾಗುತ್ತಿರಲಿಲ್ಲ.

ಕಿವಿಯ ಕ್ರಮವನ್ನು ಹಿಡಿಯಬೇಕೆಂದು ಮೊದಲೇ ಕಂಡುಕೊಂಡವರಲ್ಲಿ ಕೆ.ಪಿ. ರಾವ್ ಮುಖ್ಯರು. ಮಂಗಳೂರು ಬಳಿಯ ಕಿನ್ನಿಕಂಬಳದವರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಸಿಂಧೂ ಲಿಪಿಯ ಅಧ್ಯಯನಕ್ಕೆ ಗಣಕವನ್ನು ಬಳಸುವಲ್ಲಿ ಐರಾವತಂ ಮಹಾದೇವನ್ ಅವರ ಜೊತೆ ಕೆಲಸ ಮಾಡಿದವರು. ಮುದ್ರಣ ಅಕ್ಷರಗಳ ಒಳಹೊರಗು ಬಲ್ಲವರು. ಬೆರಳಿಟ್ಟವನು ಧ್ವನಿಯನ್ನು ಒತ್ತಲಿ, ಒತ್ತು-ಗುಣಿತ ಎಲ್ಲಿ ಹೋಗಬೇಕೆಂಬುದನ್ನು ಯಂತ್ರ ನೋಡಿಕೊಳ್ಳಲಿ ಎಂಬುದು ಅವರ ಕೀಲಿಮಣೆಯ ತಿರುಳು. ತಾವು ಮಾಡಿದ ತಂತ್ರಾಂಶಕ್ಕೆ ಭಾಷಾವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನಿಟ್ಟು ಹಂಚಿದರು. ಅದರ ದಾರಿಯಲ್ಲೇ ಇವತ್ತಿನ ಬಹುಪಾಲು ಕನ್ನಡ ಬೆರಳಚ್ಚು ನಡೆದಿದೆ. 2013ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಕನ್ನಡದಲ್ಲಿ ಒಂದು ಸಾಲು ಬೆರಳಚ್ಚು ಮಾಡುವ ಪ್ರತಿಯೊಬ್ಬರೂ ಅವರಿಗೆ ಋಣಿ.

ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಉಚಿತವಾಗಿ ಬಿಟ್ಟರು, ವಿದೇಶದ ಕನ್ನಡಿಗರ ಮನೆಗಳಲ್ಲಿ ಕನ್ನಡ ಬರೆಯುವಂತಾದದ್ದು ಅದರಿಂದ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಹೋಯಿತು. ಯು.ಬಿ. ಪವನಜ 1996ರಲ್ಲೇ ‘ವಿಶ್ವಕನ್ನಡ’ ಎಂಬ ಜಾಲಪತ್ರಿಕೆ ನಡೆಸಿದರು. ಆದರೆ ಎಲ್ಲವನ್ನೂ ಒಂದು ಹಳಿಗೆ ತಂದದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಸಾಮಾನ್ಯ ಯಂತ್ರಗಳಲ್ಲಿ ಅದು ಕಂಡದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದ ಮೇಲೆ. ಅಲ್ಲಿ ‘ಭಕ್ತಿ’ ಎಂದರೆ ಭಕಾರ, ಕಕಾರ, ವಿರಾಮ, ತಕಾರ, ಇಕಾರದ ಚಿಹ್ನೆ, ಐದೇ ಸಂಕೇತ, ಜಗತ್ತಿನ ಯಾವ ಯಂತ್ರದಲ್ಲಾದರೂ ಅವೇ ಐದು. ಮೋರಟಗಿಯ ಮಾಸ್ತರರ ಹುಡುಕಾಟ ಸಾಧ್ಯವಾಗಿರುವುದು ಈ ಐದು ಬದಲಾಗದೆ ನಿಂತಿರುವುದರಿಂದ.

2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, ಸಂಬಳವಿಲ್ಲದ ಕೈಗಳಿಂದ ಬೆಳೆಯಿತು. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ವಿಕಿಪೀಡಿಯದ ಸೋದರ ಗ್ರಂಥಭಂಡಾರ ವಿಕಿಸೋರ್ಸಿಗೆ ಅದೊಂದು ದೊಡ್ಡ ಆಸ್ತಿ. ವಿಶ್ವವಿದ್ಯಾಲಯವೊಂದು ತನ್ನ ಪುಸ್ತಕವನ್ನು ಹೀಗೆ ಜನರ ಕೈಗಿಟ್ಟ ಆ ನಿರ್ಧಾರವನ್ನು ನಾವು ಇನ್ನೂ ಸರಿಯಾಗಿ ಮೆಚ್ಚಿಕೊಂಡಿಲ್ಲ.

ವಚನ ಸಂಚಯ ರೂಪುಗೊಂಡದ್ದು 2013ರ ಆಸುಪಾಸಿನಲ್ಲಿ. ತಂತ್ರಜ್ಞ ಓಂಶಿವಪ್ರಕಾಶ್, ಕತೆಗಾರ ವಸುಧೇಂದ್ರ, ವಿಮರ್ಶಕ ಓ.ಎಲ್. ನಾಗಭೂಷಣ ಸ್ವಾಮಿ ಇವರೆಲ್ಲ ಒಂದೇ ಮೇಜಿಗೆ ಬಂದದ್ದೇ ಒಂದು ವಿಶೇಷ. ಹಳೆಯ ಸಂಕೇತಗಳಲ್ಲಿದ್ದ ಪಠ್ಯವನ್ನು ಯೂನಿಕೋಡಿಗೆ ತರುವುದು, ಪರಿವರ್ತನೆಯಲ್ಲಿ ಮುರಿದ ಅಕ್ಷರಗಳನ್ನು ಸರಿಪಡಿಸುವುದು, ಪದ ಪದವನ್ನೂ ಬಿಡಿಸಿ ಸೂಚಿ ಮಾಡುವುದು. ಇದರಲ್ಲಿ ಮಿಂಚುವ ಕ್ಷಣಗಳಿಲ್ಲ. ಇಲ್ಲಿ ಒಂದು ಪದದ ಮೇಲೆ ಕೈಯಿಟ್ಟರೆ ಅದನ್ನು ಬಳಸಿದ ವಚನಕಾರರೆಲ್ಲ ಸಾಲಾಗಿ ನಿಲ್ಲುತ್ತಾರೆ. ಅಲ್ಲಮ ಎಷ್ಟು ಸಲ, ಅಕ್ಕ ಎಷ್ಟು ಸಲ, ಹೆಸರೂ ಕೇಳದ ಕಾಯಕದ ಶರಣೆ ಒಬ್ಬಳು ಎಷ್ಟು ಸಲ. ಬಸವಣ್ಣನ ಹೆಸರಿನ ನೆರಳಲ್ಲಿ ಮರೆಯಾಗಿದ್ದವರು ಈ ಪಟ್ಟಿಯಲ್ಲಿ ಅವರ ಪಕ್ಕದಲ್ಲೇ ಬಂದು ನಿಲ್ಲುವುದನ್ನು ಕಂಡಾಗ ನನಗೆ ಅನುಭವ ಮಂಟಪದ ಕಲ್ಪನೆಯೇ ಕಣ್ಣೆದುರು ಬಂದಂತಾಗುತ್ತದೆ.

ಪುಸ್ತಕಗಳ ಕಥೆ ಬೇರೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಮೊದಲಾದವರು ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಚಿತ್ರಗಳಾಗಿ ಹಿಡಿದರು. ಕೆಲವು ವರ್ಷಗಳ ಮೇಲೆ ಆ ತಾಣ ಸಿಗದಾಯಿತು. ಪುಸ್ತಕಗಳು ಉಳಿದದ್ದು, ಅಮೆರಿಕದ ಕಾರ್ಲ್ ಮಲಮುದ್ ಅವುಗಳ ಪ್ರತಿಗಳನ್ನು ಇಂಟರ್‌ನೆಟ್ ಆರ್ಕೈವಿಗೆ ಸೇರಿಸಿದ್ದರಿಂದ. ಬ್ರೂಸ್ಟರ್ ಕಾಹ್ಲ್‌ಗೆ ಸಂದ ಪ್ರಶಸ್ತಿಯಲ್ಲಿ ಕನ್ನಡಕ್ಕೂ ಒಂದು ಪಾಲಿದೆ ಎಂದು ನಾನು ಹೇಳುವುದು ಇದಕ್ಕೇ. ಬಳಿಕ ಬೆಂಗಳೂರಿನಲ್ಲೇ ‘ಸರ್ವೆಂಟ್ಸ್ ಆಫ್ ನಾಲೆಜ್’ ಹೆಸರಿನಲ್ಲಿ ಸ್ಕ್ಯಾನಿಂಗ್ ನಡೆಯಿತು, ಓಂಶಿವಪ್ರಕಾಶ್ ಅಲ್ಲಿಯೂ ಇದ್ದರು. ಚಿತ್ರವಾಗಿರುವ ಪುಟವನ್ನು ಹುಡುಕಬಲ್ಲ ಪಠ್ಯವಾಗಿಸುವ ಕೆಲಸದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ತಂಡದ ‘ಲಿಪಿಜ್ಞಾನಿ’ ತಂತ್ರಾಂಶ ದೊಡ್ಡ ಹೆಜ್ಜೆ.

ನಿಘಂಟಿನ ಮಾತು ಬಿಟ್ಟರೆ ತಪ್ಪಾಗುತ್ತದೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷದಷ್ಟು ಪದಗಳದ್ದು, ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ ಜಾಲಕ್ಕೆ ಬಂತು. ಓದುವುದಕ್ಕಷ್ಟೇ ಅಲ್ಲ, ಅದರ ದತ್ತಾಂಶವನ್ನೇ ಮುಕ್ತವಾಗಿ ಕೊಟ್ಟರು. ಬಾಳಿನ ಅಷ್ಟು ವರ್ಷಗಳ ದುಡಿಮೆಯನ್ನು ಹೀಗೆ ಬಿಟ್ಟುಕೊಡುವುದಕ್ಕೆ ಹಳಕಟ್ಟಿಯವರ ಮನೆ ಮಾರಿದ ಮನಸ್ಸೇ ಬೇಕು.

ನಮ್ಮಲ್ಲಿ ಕವಿಗೆ, ಕಾದಂಬರಿಕಾರನಿಗೆ, ಸಂಶೋಧಕನಿಗೆ ಪ್ರಶಸ್ತಿಗಳ ಕೊರತೆಯಿಲ್ಲ. ಪಠ್ಯವನ್ನು ಸಂಕೇತಕ್ಕೆ ಇಳಿಸಿದವರಿಗೆ, ಅಚ್ಚುತಪ್ಪು ತಿದ್ದಿದವರಿಗೆ, ಸರ್ವರ್ ಬಾಡಿಗೆ ಕೈಯಿಂದ ಕಟ್ಟಿದವರಿಗೆ ಅಂಥ ಮನ್ನಣೆ ಅಪರೂಪ. ಹಳಕಟ್ಟಿಯವರ ದಿನ, ಅವರ ಹೆಸರಿನಲ್ಲೇ, ವಿಜಯಪುರದಲ್ಲೇ ಇಂಥವರಿಗೆ ವರ್ಷಕ್ಕೊಂದು ಗೌರವ ಕೊಡಬೇಕು. ಕೊಡುವಾಗ ಒಂದೇ ಷರತ್ತು ಸಾಕು: ಮಾಡಿದ ಕೆಲಸ ಬೇರೆಯವರು ಎತ್ತಿಕೊಂಡು ಮುಂದುವರಿಸಬಹುದಾದಷ್ಟು ಮುಕ್ತವಾಗಿರಬೇಕು.

ಉಳಿದ ಕೆಲಸವೂ ಇದೆ. ಜಾಲದಲ್ಲಿ ಓದುಗನಿಗೆ ಸಿಗುವುದು ಸಂಪಾದಕರು ಒಪ್ಪಿಕೊಂಡ ಪಾಠ. ಅದೇ ವಚನ ಬೇರೆ ಬೇರೆ ತಾಡೋಲೆಗಳಲ್ಲಿ ಬೇರೆ ಬೇರೆಯಾಗಿ ಇರುವುದುಂಟು. ಪ್ರತಿ ಪಾಠಾಂತರದ ಪಕ್ಕದಲ್ಲಿ ಮೂಲ ಗರಿಯ ಚಿತ್ರ ನಿಂತರೆ, ಮೋರಟಗಿಯಲ್ಲಿ ಕೂತ ಮಾಸ್ತರರು ‘ಭಕ್ತಿ’ ಎಂದು ಹುಡುಕಿದಾಗ, ನಾಲ್ಕು ನೂರು ವರ್ಷದ ಹಿಂದೆ ಯಾರೋ ಕಬ್ಬಿಣದ ಕಂಟದಿಂದ ಕೊರೆದ ಆ ಪದವನ್ನೂ ಕಾಣಬಹುದು.