ಇಳಿಜಾರಿನ ಮೇಲೆ ಜೋಡಿಸಿದ ಮಾದರಿಗಳು: ನೀಲಗಿರಿಯಿಂದ ಒಂದು ಸಮೀಕ್ಷೆ

ಕಟ್ಟಡದ ಮಾಹಿತಿ ಮಾದರಿಯ ಬಗ್ಗೆ, ಅಂದರೆ ‘ಬಿಮ್’ ಬಗ್ಗೆ, ನಡೆಯುವ ಈಚಿನ ತರಬೇತಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಇಡೀ ಯೋಜನೆಗೆ ಒಂದೇ ಮಾದರಿ ಸಾಕು, ಎಲ್ಲರೂ ಅದರೊಳಗೇ ಕೆಲಸ ಮಾಡಲಿ. ಸಮತಟ್ಟಾದ ನಿವೇಶನದಲ್ಲಿ, ವಿನ್ಯಾಸ ಗಟ್ಟಿಯಾದ ಮೇಲೆ, ಅದು ನಡೆದೀತು. ಉದಕಮಂಡಲ, ಗೂಡಲೂರು, ಮಸಿನಗುಡಿಗಳಲ್ಲಿ ನಡೆಯುವುದಿಲ್ಲ. ಇಲ್ಲಿ ಪಾಯ ಅಗೆದಾಗ ಸಿಕ್ಕ ಮಣ್ಣು ನೋಡಿ ವಿನ್ಯಾಸ ಬದಲಾಗುತ್ತದೆ, ಅನುಮತಿಯ ಷರತ್ತು ಕೈಗೆ ಬಂದಾಗ ಬದಲಾಗುತ್ತದೆ, ಒಂದು ಜೋರು ಮಳೆಗಾಲ ಕಳೆದ ಮೇಲೂ ಬದಲಾಗುತ್ತದೆ. ಬದಲಾಗಬಹುದಾದುದನ್ನು ಬೇರೆ ಕಡತದಲ್ಲಿಟ್ಟು ಲಿಂಕ್ ಮಾಡುವ ವಿದ್ಯೆ ಬೆಳೆದದ್ದು ಇಂಥ ಅಗತ್ಯದಿಂದಲೇ. ಅದರ ಚರಿತ್ರೆ ಬರೆದವರು ಮಾತ್ರ ನೆಲವನ್ನು ಕಡೆಗಣಿಸುತ್ತಲೇ ಬಂದಿದ್ದಾರೆ.

ಹಳೆಯ ಕಾಲದ್ದನ್ನು ಬೇಗ ಹೇಳಿ ಮುಗಿಸಬಹುದು. ಇಲ್ಲಿನ ಬಡಗ ಸಮುದಾಯದವರ ಹಟ್ಟಿಗಳಲ್ಲಿ ಮನೆಗಳು ಸಾಲಾಗಿ ನೆಲದ ಮಟ್ಟವನ್ನೇ ಹಿಡಿದು ಸಾಗುತ್ತವೆ. ಅಲ್ಲಿ ಬೆಟ್ಟವೇ ನಕ್ಷೆ. 1822ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಉದಕಮಂಡಲದಲ್ಲಿ ಸ್ಟೋನ್ ಹೌಸ್ ಕಟ್ಟಲು ತೊಡಗಿದ ಮೇಲೆ ಕಾಗದದ ನಕ್ಷೆ ಬೆಟ್ಟ ಹತ್ತಿತು. 1829ರಲ್ಲಿ ಅಡಿಗಲ್ಲು ಕಂಡ ಸಂತ ಸ್ಟೀಫನ್ನರ ಚರ್ಚಿಗೆ ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ತೊಲೆಗಳು ಬಂದವು. ಆಮೇಲಿನ ಒಂದೂವರೆ ಶತಮಾನ ಟ್ರೇಸಿಂಗ್ ಹಾಳೆಯದು: ವಾಸ್ತುಶಿಲ್ಪಿಯ ಹಾಳೆಯ ಮೇಲೆ ಎಂಜಿನಿಯರರ ಹಾಳೆ, ಅದರ ಮೇಲೆ ನೀರು-ಚರಂಡಿಯದು. ಗಣಕದ ತೆರೆಯ ಮೇಲೆ ಗೆರೆ ಎಳೆಯಲು ಬಿಟ್ಟ ಇವಾನ್ ಸದರ್ಲೆಂಡರ ಸ್ಕೆಚ್‌ಪ್ಯಾಡ್ 1963ರದು. ಕಟ್ಟಡವನ್ನು ಗೆರೆಗಳ ಬದಲು ಗೋಡೆ, ಕಂಬ, ಕಿಟಕಿಗಳಾಗಿಯೇ ಗಣಕದಲ್ಲಿ ಇಡಬೇಕೆಂದು ಚಾರ್ಲ್ಸ್ ಈಸ್ಟ್‌ಮನ್ ಎಪ್ಪತ್ತರ ದಶಕದಲ್ಲೇ ವಾದಿಸಿದರು. 1984ರಲ್ಲಿ ಅದೇ ದಾರಿಯ ತಂತ್ರಾಂಶ ಆರ್ಕಿಕ್ಯಾಡ್ ಬಂತು. ನಮ್ಮ ಕಡೆಯ ಕಚೇರಿಗಳಲ್ಲಿ ಆಗ ಇನ್ನೂ ಅಮೋನಿಯಾ ಪ್ರಿಂಟಿನ ವಾಸನೆ.

ನಿಜವಾದ ತಿರುವು 1990ರಲ್ಲಿ ನಕ್ಷೆ ತಂತ್ರಾಂಶವಾದ ಆಟೋಕ್ಯಾಡ್‌ನ ಹನ್ನೊಂದನೆಯ ಆವೃತ್ತಿ ತಂದ ಎಕ್ಸ್‌ರೆಫ್. ಒಂದು ನಕ್ಷೆಯನ್ನು ಇನ್ನೊಂದಕ್ಕೆ ನಕಲು ಮಾಡದೆ, ಅದರತ್ತ ಬೊಟ್ಟು ಮಾಡಿ ಇಟ್ಟರೆ ಸಾಕು. ಮೂಲ ತಿದ್ದಿದರೆ ಎಲ್ಲ ಕಡೆಯೂ ತಿದ್ದುಪಡಿ ಕಾಣುತ್ತದೆ. ನಮ್ಮ ತಲೆಮಾರು ಕೆಲಸ ಕಲಿತದ್ದು ಇದರಲ್ಲೇ. ಲಿಂಕ್ ಮಾಡಿದ ಕಡತ ಮೂರನೆಯವರ ಕಡತಕ್ಕೂ ಹಿಂಬಾಲಿಸಿ ಹೋಗಬೇಕೋ, ನಮ್ಮಲ್ಲೇ ನಿಲ್ಲಬೇಕೋ ಎಂಬ ಶಿಸ್ತು, ‘ಅಟ್ಯಾಚ್’ ಮತ್ತು ‘ಓವರ್‌ಲೇ’ಗಳ ಆಯ್ಕೆ, ಎಕ್ಸ್‌ರೆಫ್ ಕಾಲದಲ್ಲೇ ಮೈಗೂಡಿತು. ಆ ಶಿಸ್ತಿಲ್ಲದೆ ನೇರವಾಗಿ ಮೂರು ಆಯಾಮಕ್ಕೆ ಬಂದವರ ಕಡತಗಳಲ್ಲಿ ಇವತ್ತಿಗೂ ಒಂದೇ ಕಟ್ಟಡ ಎರಡು ಸಲ ಕೂತಿರುತ್ತದೆ.

ಬಿಮ್ ತಂತ್ರಾಂಶ ರೆವಿಟ್ 2000ರಲ್ಲಿ ಬಂತು, 2002ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡಿತು. ಪರ್ಯಾಯ ವಿನ್ಯಾಸಗಳಿಗಾಗಿ ಅದರಲ್ಲಿ ‘ಡಿಸೈನ್ ಆಪ್ಷನ್’ ಎಂಬ ಸೌಲಭ್ಯವಿದೆ. ಒಂದೇ ಕಡತದಲ್ಲಿ ಎರಡು ಬಗೆಯ ಮೆಟ್ಟಿಲು, ಎರಡು ಬಗೆಯ ಚಾವಣಿ ಇಟ್ಟುಕೊಳ್ಳಬಹುದು. ಪಾಠ ಹೇಳುವವರು ಇದನ್ನೇ ಎತ್ತಿ ಹಿಡಿಯುತ್ತಾರೆ. ಆದರೆ ಆ ಸೌಲಭ್ಯದೊಳಗೆ ಅಂತಸ್ತುಗಳ ಎತ್ತರ ಗೊತ್ತುಮಾಡುವ ಲೆವೆಲ್‌ಗಳನ್ನು ಇಡಲಾಗದು. ಬಯಲುಸೀಮೆಯಲ್ಲಿ ಇದು ಸಣ್ಣ ಮಿತಿ. ಬೆಟ್ಟದಲ್ಲಿ ಪರ್ಯಾಯ ಎಂದರೆ ಲೆವೆಲ್ಲೇ: ನೆಲ ಅಂತಸ್ತನ್ನು ಒಂದೂವರೆ ಮೀಟರ್ ಮೇಲೆತ್ತಿದರೆ ಮಣ್ಣು ಕಡಿಯುವುದು ಎಷ್ಟು ಕಡಿಮೆಯಾಗುತ್ತದೆ, ತಡೆಗೋಡೆ ಎಲ್ಲಿಗೆ ಬರುತ್ತದೆ, ಮೇಲಿನ ಪಕ್ಕದವರ ಮೋರಿ ನೀರು ಎಲ್ಲಿ ಹರಿಯುತ್ತದೆ. ಇವೇ ಪ್ರಶ್ನೆಗಳಾಗಿರುವಾಗ ಪರ್ಯಾಯಗಳನ್ನು ಪ್ರತ್ಯೇಕ ಲಿಂಕ್ ಕಡತಗಳಾಗಿ ಇಡದೆ ಬೇರೆ ದಾರಿಯಿಲ್ಲ.

ಹಾಗೆ ಕೆಲಸ ಮಾಡುವವರ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಮೊದಲ ಕಡತ ಸರ್ವೆಯ ನೆಲ. ಅದನ್ನು ಯಾರೂ ಮುಟ್ಟುವಂತಿಲ್ಲ. ಎರಡನೆಯದು ಲೆವೆಲ್ ಮತ್ತು ಗ್ರಿಡ್‌ಗಳ ಹಂದರ, ಪ್ರತಿ ಪರ್ಯಾಯಕ್ಕೂ ಒಂದೊಂದು. ಆಮೇಲೆ ಕಟ್ಟಡದ ಭಾಗಗಳು. ಕಡಿದ ನೆಲದ ಮಾದರಿ ಆಯಾ ಪರ್ಯಾಯದ ಜೊತೆಗೇ ಇರುತ್ತದೆ, ಮೂಲ ನೆಲ ಹಾಗೇ ಉಳಿಯುತ್ತದೆ, ಆದ್ದರಿಂದ ಎಷ್ಟು ಮಣ್ಣು ತೆಗೆದೆವೆಂಬುದು ಎಂದಿಗೂ ಮರೆಯಾಗುವುದಿಲ್ಲ. ಎಂಜಿನಿಯರರು ‘ಕಾಪಿ-ಮಾನಿಟರ್’ ಮೂಲಕ ಹಂದರದ ಲೆವೆಲ್‌ಗಳನ್ನು ತಮ್ಮ ಕಡತಕ್ಕೆ ತೆಗೆದುಕೊಂಡರೆ, ವಾಸ್ತುಶಿಲ್ಪಿ ಲೆವೆಲ್ ಸರಿಸಿದ ಮೇಲೆ ಹೊಸ ಕಡತ ಬಂದ ತಕ್ಷಣ ಎಚ್ಚರಿಕೆ ಸಿಗುತ್ತದೆ. ಕೈಬಿಟ್ಟ ಪರ್ಯಾಯವನ್ನು ಅಳಿಸಬಾರದು, ಲಿಂಕ್ ತೆಗೆದು ದಿನಾಂಕ ಹಾಕಿ ಎತ್ತಿಡಬೇಕು. ಅನುಮತಿಯ ಸುತ್ತಿನಲ್ಲಿ ಅದೇ ಮರಳಿ ಬೇಕಾಗುವುದುಂಟು.

ಇದೆಲ್ಲ ನಿಲ್ಲುವುದು ಸ್ಥಾನಾಂಕಗಳ ಮೇಲೆ. ಸರ್ವೆಯವರು ಕೊಡುವ ಯುಟಿಎಂ (ಜಾಗತಿಕ ಭೂನಕ್ಷೆ ಜಾಲ) ಅಂಕೆಗಳಲ್ಲಿ ಉದಕಮಂಡಲ ಸಮಭಾಜಕ ವೃತ್ತದಿಂದ ಸುಮಾರು 1,260 ಕಿ.ಮೀ. ಉತ್ತರಕ್ಕಿದೆ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ತಂತ್ರಾಂಶದ ಒಳಗಿನ ಮೂಲಬಿಂದುವಿನಿಂದ ಕೆಲವೇ ಮೈಲಿ ಆಚೆಗೆ ರೇಖಾಗಣಿತದ ನಿಖರತೆ ಕೆಡತೊಡಗುತ್ತದೆ. ಆದ್ದರಿಂದ ಕಟ್ಟಡವನ್ನು ಮೂಲಬಿಂದುವಿನ ಬಳಿಯೇ ರಚಿಸಿ, ನಿಜವಾದ ಸ್ಥಾನವನ್ನು ‘ಶೇರ್ಡ್ ಕೋಆರ್ಡಿನೇಟ್ಸ್’ ಮೂಲಕ ಕೊಡಬೇಕು. ಕೈಯಿಂದ ಎಳೆದು ಕೂರಿಸಿದ ಲಿಂಕ್ ಮುಂದಿನ ತಿದ್ದುಪಡಿಯ ಹೊತ್ತಿಗೆ ಯಾರ ಕೈಗೂ ಸಿಗುವುದಿಲ್ಲ.

‘ಒಂದೇ ಮಾದರಿ’ಯ ಪರ ವಾದಿಸುವವರು ಅಂತರರಾಷ್ಟ್ರೀಯ ಮಾನಕಗಳ ಹೆಸರು ಹೇಳುತ್ತಾರೆ. ಆದರೆ 2016ರಲ್ಲಿ ಬ್ರಿಟನ್ ಸರ್ಕಾರ ತನ್ನ ಕಾಮಗಾರಿಗಳಿಗೆ ಕಡ್ಡಾಯ ಮಾಡಿದ್ದೂ, 2018ರ ಐಎಸ್‌ಒ 19650 ಹೇಳುವುದೂ ಬೇರೆ ಬೇರೆ ಮಾದರಿಗಳ ಒಕ್ಕೂಟವನ್ನೇ. ಕೆಲಸ ನಡೆಯುತ್ತಿರುವುದು, ಹಂಚಿಕೊಂಡದ್ದು, ಪ್ರಕಟಿಸಿದ್ದು, ಸಂಗ್ರಹಕ್ಕೆ ಹೋದದ್ದು ಎಂಬ ನಾಲ್ಕು ಸ್ಥಿತಿಗಳನ್ನು ಈ ಐಎಸ್‌ಒ ಮಾನಕ ಬೇರ್ಪಡಿಸುತ್ತದೆ. ವಿನ್ಯಾಸ ಅಲುಗಾಡುತ್ತಿರುವಾಗ ಇತರರಿಗೆ ಹಂಚಿಕೊಂಡ ಪ್ರತಿ ಮಾತ್ರ ಕಾಣಬೇಕೆಂಬುದು ಅದರ ತಿರುಳು. ಮಾದರಿಗಳ ಭಾಗಗಳು ಒಂದಕ್ಕೊಂದು ತಾಗುವ ಡಿಕ್ಕಿಗಳ ಪಟ್ಟಿ ತೆಗೆಯುವುದನ್ನೇ ಬಿಮ್ ಎಂದುಕೊಂಡವರು ಈ ಭಾಗವನ್ನು ಓದಿಲ್ಲ.

ಸ್ಥಳೀಯ ನಿಯಮಗಳೂ ಈ ಕ್ರಮವನ್ನೇ ಬೇಡುತ್ತವೆ. 1990ರಲ್ಲಿ ರಚನೆಯಾದ, ಜನ ‘ಹಾಕಾ’ ಎನ್ನುವ ಗುಡ್ಡಗಾಡು ಪ್ರದೇಶ ಸಂರಕ್ಷಣಾ ಪ್ರಾಧಿಕಾರ ಇಳಿಜಾರು, ಮಣ್ಣು, ಕಾಡುಗಳನ್ನು ಪರಿಶೀಲಿಸುತ್ತದೆ. 1993ರ ಗಿರಿಧಾಮ ಕಟ್ಟಡ ನಿಯಮಗಳು ಎತ್ತರವನ್ನು 7 ಮೀಟರಿಗೆ ಮಿತಿಗೊಳಿಸಿದವು. ಇಳಿಜಾರಿನಲ್ಲಿ ಆ 7 ಮೀಟರನ್ನು ಯಾವ ನೆಲದಿಂದ ಅಳೆಯಬೇಕು ಎಂಬ ಪ್ರಶ್ನೆಗೆ ಮುಟ್ಟದೆ ಉಳಿಸಿದ ಮೂಲ ನೆಲದ ಕಡತದಷ್ಟು ಸ್ಪಷ್ಟ ಉತ್ತರ ಇನ್ನೊಂದಿಲ್ಲ. ಸೀಗೂರು ಆನೆ ಕಾರಿಡಾರನ್ನು ಎತ್ತಿಹಿಡಿದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಕೊಟ್ಟ ತೀರ್ಪಿನ ನಂತರ ಮಸಿನಗುಡಿ ಸುತ್ತ ‘ಕಟ್ಟದಿರುವುದು’ ಕೂಡ ಗಂಭೀರವಾಗಿ ಪರಿಗಣಿಸಬೇಕಾದ ಪರ್ಯಾಯ. ನಿಯಮವಷ್ಟೇ ಅಲ್ಲ, ನೆಲವೂ ಬದಲಾಗುತ್ತದೆ. 2009ರ ನವೆಂಬರಿನ ಭೂಕುಸಿತಗಳಲ್ಲಿ ಈ ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 900 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯಿತು. ನೆಲದ ಕಡತ ಹಳೆಯದಾಗುವುದೆಂದರೆ ಇದು.

ಹೀಗಿದ್ದೂ ಅರ್ಜಿಯ ಜೊತೆ ಹೋಗುವುದು ಚಪ್ಪಟೆ ನಕ್ಷೆಗಳೇ. ಒಬ್ಬ ಮಾಲೀಕರ ಸರ್ವೆಗೂ ಪಕ್ಕದವರ ಸರ್ವೆಗೂ ಎತ್ತರದ ಆಧಾರ ಹೊಂದುವುದಿಲ್ಲ, ಕೆಳಗಿನವರ ತಡೆಗೋಡೆ ಮೇಲಿನವರ ಮಾದರಿಯಲ್ಲಿ ಇರುವುದೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಉದಕಮಂಡಲದಲ್ಲಿ 700 ಹಾಸಿಗೆಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಉದ್ಘಾಟನೆಯಾಯಿತು. ಅಂಥ ಗಾತ್ರದ ಕಟ್ಟಡಗಳು ಬೆಟ್ಟ ಹತ್ತಿರುವಾಗ, ನೆಲದ ಒಂದು ಸಾಮಾನ್ಯ ಮಾದರಿಯನ್ನು ಜಿಲ್ಲಾಡಳಿತವೇ ಇಟ್ಟುಕೊಂಡು, ಪ್ರತಿ ಮಳೆಗಾಲದ ನಂತರ ನವೀಕರಿಸಿ, ಅರ್ಜಿ ಹಾಕುವ ಎಲ್ಲರಿಗೂ ಲಿಂಕ್ ಆಗಿ ಕೊಡಬಹುದು. ಅದಕ್ಕೆ ಬೇಕಾದ ತಂತ್ರ 1990ರಿಂದಲೂ ನಮ್ಮ ಮೇಜಿನ ಮೇಲಿದೆ.